ಆ ಗದ್ದಲದ ಪರವಾಗಿ

ಜೂನ್ ೮, ಭಾನುವಾರ ಬೆಳಿಗ್ಗೆ

ನನ್ನ ಚಿನಕುರಳಿಗೆ,

ಆಶೀರ್ವಾದ ಕೊನೆಯಲ್ಲಿ. ಮೊದಲು ಜಗಳ.

ನಿನ್ನ ಪತ್ರ ಬಂತು. ಓದಿದೆ, ಮಡಿಸಿಟ್ಟೆ, ಮತ್ತೆ ತೆಗೆದು ಓದಿದೆ. ಟೀಚರಮ್ಮನ ಅಭ್ಯಾಸ ಎಲ್ಲಿ ಹೋಗಬೇಕು? ಮುಖ್ಯವಾದ ಸಾಲುಗಳ ಕೆಳಗೆಲ್ಲ ಗೆರೆ ಎಳೆದಿದ್ದೀಯ, ನಾನೇನೋ ನಿನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ತೂಕಡಿಸುವವಳು ಎನ್ನುವ ಹಾಗೆ. ಇರಲಿ. ಫೋನಿನಲ್ಲಿ ನೀನು ಹೇಳುವುದು ನನಗೆ ತಿಳಿಯುವುದಿಲ್ಲ. ಮೆಸೇಜಿನಲ್ಲಿ ಜಗಳವಾಡಿದರೆ ಹೆಬ್ಬೆರಳು ನೋಯುತ್ತದೆಯೇ ಹೊರತು ಮನಸ್ಸು ಹಗುರಾಗುವುದಿಲ್ಲ. ಕಾಗದದಲ್ಲಿ ಬರೆದದ್ದು ಒಳ್ಳೆಯದೇ ಆಯಿತು. ಉತ್ತರವನ್ನೂ ಕಾಗದದಲ್ಲೇ ತೆಗೆದುಕೋ.

ಮುಂದಿನ ತಿಂಗಳು ಆಪರೇಷನ್ ಗೊತ್ತುಮಾಡಿದ್ದೇನೆ, ಎರಡೂ ಕಿವಿಗೆ ಒಟ್ಟಿಗೇ ಮಾಡಿಸಿಬಿಡೋಣ ಎಂದು ಬರೆದಿದ್ದೀಯ. ಗೊತ್ತುಮಾಡಿದ್ದೀಯಂತೆ! ನಿನ್ನ ಮದುವೆಯನ್ನೇ ನಾನು ಹಾಗೆ ಗೊತ್ತುಮಾಡಲಿಲ್ಲವಲ್ಲೇ. ನೀನು ತೋರಿಸಿದ ಹುಡುಗನನ್ನು ನೋಡಿ, ಇವನು ಸಂಗೀತದ ಸುದ್ದಿಗೇ ಹೋಗುವವನಲ್ಲ ಎಂದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಒಪ್ಪಿದವಳು ನಾನು. ನನ್ನ ಕಿವಿಯ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಅದೆಲ್ಲ ಸಾಲದು ಎಂದು ಕೊನೆಯಲ್ಲಿ ದಪ್ಪಗೆ ಗೆರೆ ಎಳೆದು ಒಂದು ಪ್ರಶ್ನೆ ಬೇರೆ: "ಅಮ್ಮ, ನಿಂಗೆ ಆ ಗದ್ದಲ ಹೆಚ್ಚೋ, ನಾನು ಹೆಚ್ಚೋ?"

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಗದ್ದಲ ಎಂದೆಯಲ್ಲ, ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು.

ನನ್ನ ಕಿವಿ ಹಾಳಾದದ್ದು ಈ ರಾಕ್ ರೆಕಾರ್ಡುಗಳಿಂದಲೇ ಎಂದು ಅಳಿಯಂದಿರು ಹೇಳುತ್ತಾರಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ ಇಷ್ಟನ್ನು ಗಟ್ಟಿಯಾಗಿ ಓದಿ ಹೇಳು. ತಂಪು ಪಾನೀಯದ ಕಾರ್ಖಾನೆಯಲ್ಲಿ ಬಾಟಲಿ ನೋಡುವ ಕೆಲಸ ನನ್ನದಾಗಿತ್ತು. ಬೆಳಕಿನ ಹಲಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು, ಪಟ್ಟಿಯ ಮೇಲೆ ಓಡಿ ಬರುವ ಖಾಲಿ ಬಾಟಲಿಗಳಲ್ಲಿ ಬಿರುಕು ಬಿಟ್ಟದ್ದನ್ನೂ ತಳದಲ್ಲಿ ಕೊಳೆ ಉಳಿದದ್ದನ್ನೂ ಎತ್ತಿ ಪಕ್ಕಕ್ಕಿಡುವುದು. ಗಾಜಿಗೆ ಗಾಜು ಬಡಿಯುವ ಸದ್ದು ಬೆಳಗಿನಿಂದ ಸಂಜೆಯವರೆಗೆ. ಮೇಸ್ತ್ರಿ ಕಿವಿಗೆ ಇಟ್ಟುಕೊಳ್ಳಿ ಎಂದು ಹತ್ತಿ ಕೊಡುತ್ತಿದ್ದ, ಅದೂ ಕೇಳಿದರೆ. ನಿನ್ನ ಓದು ಮುಗಿಯುವ ತನಕ ನಾನು ಆ ಸ್ಟೂಲಿನಿಂದ ಏಳಲಿಲ್ಲ. ಆಗ ಯಾರೂ, ಅಮ್ಮ ಗದ್ದಲದಲ್ಲಿ ಕೂರಬೇಡ, ಕಿವಿ ಹೋದೀತು ಎನ್ನಲಿಲ್ಲ. ಆ ಗದ್ದಲಕ್ಕೆ ಸಂಬಳ ಬರುತ್ತಿತ್ತಲ್ಲ! ಈ ಗದ್ದಲಕ್ಕೆ ಬರುವುದಿಲ್ಲ, ಅದಕ್ಕೇ ಇದರ ಮೇಲೆ ಎಲ್ಲರ ಕಣ್ಣು.

ಆ ಸ್ಟೂಲಿನ ಮೇಲೆ ನನ್ನನ್ನು ಹುಚ್ಚು ಹಿಡಿಯದಂತೆ ಕಾಪಾಡಿದ್ದು ಯಾವುದು ಗೊತ್ತಾ? ನಮ್ಮ 'ಇಸ್ತ್ರಿ ಪೆಟ್ಟಿಗೆ'. ಹೊದಿಕೆಯ ಮೇಲಿನ ಚಿತ್ರ ನೋಡಿ ರೆಕಾರ್ಡುಗಳಿಗೆ ಹೆಸರಿಟ್ಟವಳು ನೀನೇ, ಇನ್ನೂ ಓದು ಬಾರದ ವಯಸ್ಸಿನಲ್ಲಿ. ಇಸ್ತ್ರಿ ಪೆಟ್ಟಿಗೆ, ಹಳದಿ ಬಾಗಿಲು, ಮೂರು ಛತ್ರಿ, ಖಾಲಿ ಈಜುಕೊಳ. ನಿಜವಾದ ಹೆಸರುಗಳು ನನಗೆ ಈಗ ನೆನಪಿಗೇ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಇಸ್ತ್ರಿ ಪೆಟ್ಟಿಗೆಯಷ್ಟು ಒಳ್ಳೆಯ ರಾಕ್ ಆಲ್ಬಂ ಇನ್ನೊಂದಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಎಂದು ವಿನಯದಿಂದ ಹೇಳಲು ನಾನು ತಯಾರಿಲ್ಲ. ಮೂವರು ಹೆಂಗಸರು, ಡ್ರಮ್ಸ್‌ಗೆ ಒಬ್ಬ ಗಂಡಸು, ಯಾವುದೋ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು ಮುಗಿಸಿದ ರೆಕಾರ್ಡು. ಒಂದು ಹಾಡಿನ ಮಧ್ಯೆ ಮೇಲಿನ ಅಂಗಡಿಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿಸುತ್ತದೆ, ಅದನ್ನೂ ಹಾಗೇ ಬಿಟ್ಟಿದ್ದಾರೆ. ಅದರಲ್ಲಿ ಬೇಸ್ ಗಿಟಾರ್ ನುಡಿಸುವವಳು, ನಾನು 'ದಪ್ಪ ತಂತಿ' ಎಂದು ಕರೆಯುವವಳು, ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ತಡವಾಗಿ ಬರುತ್ತಾಳೆ. ತಪ್ಪಿ ಅಲ್ಲ. ಬೇಕೆಂದೇ. ನಾನು ಬರುವ ತನಕ ನೀವೆಲ್ಲ ಕಾಯಿರಿ ಎನ್ನುವ ಠೀವಿ ಅದು. ಬೆಳಗಿನ ಪಾಳಿಗೆ ಹೋಗಿ ಕೂತು ಅವಳ ಆ ನಡೆಯನ್ನು ಮನಸ್ಸಿನಲ್ಲೇ ಶುರು ಮಾಡಿದರೆ, ಬಾಟಲಿಗಳೆಲ್ಲ ಅವಳ ಹಿಂದೆ ಹೆಜ್ಜೆ ಹಾಕುತ್ತಿದ್ದವು. ಜಗತ್ತು ಅವಸರ ಮಾಡಿದ ಮಾತ್ರಕ್ಕೆ ನಾವೂ ಓಡಬೇಕಾಗಿಲ್ಲ ಎಂದು ನನಗೆ ಹೇಳಿಕೊಟ್ಟವಳು ಅವಳು.

ಇನ್ನು ಹಳದಿ ಬಾಗಿಲು. ಲೋಕವೆಲ್ಲ ತಲೆಯ ಮೇಲೆ ಹೊತ್ತು ಮೆರೆಸುವ ರೆಕಾರ್ಡು. ಮೊದಲ ಪಕ್ಕ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಎರಡನೆಯ ಪಕ್ಕದಲ್ಲಿ ಆ ಗಿಟಾರಿನವನಿಗೆ ತಲೆ ತಿರುಗಿದೆ. ಬಟ್ಟೆ ಅಂಗಡಿಯ ಕನ್ನಡಿ ಮುಂದೆ ನಿಂತವನ ಹಾಗೆ ಆ ಕಡೆ ತಿರುಗಿ ಒಂದು ವರಸೆ, ಈ ಕಡೆ ತಿರುಗಿ ಒಂದು ವರಸೆ. ಸಾಕಪ್ಪಾ, ನೋಡಿದೆವು, ಇಳಿ ಎಂದು ಎಷ್ಟು ಸಲ ಕೂಗಿದ್ದೇನೋ. ಈಗ ಒಂದು ತಮಾಷೆ ಕೇಳು. ನನ್ನ ಕಿವಿಯಲ್ಲಿ ತೆಳ್ಳನೆಯ ಶಬ್ದಗಳೆಲ್ಲ ಹೋಗಿಬಿಟ್ಟಿವೆಯಲ್ಲ, ಅವುಗಳ ಜೊತೆಗೆ ಅವನ ಡೌಲೂ ಹೋಗಿದೆ. ಈಗ ಎರಡನೆಯ ಪಕ್ಕದಲ್ಲಿ ಡ್ರಮ್ಸು, ಬೇಸು ಮಾತ್ರ ಉಳಿದು, ಆಲ್ಬಂ ಅದ್ಭುತವಾಗಿದೆ! ಕಿವುಡಿಯಾದ ಮೇಲೆ ಅದರ ಮೇಲಿನ ನನ್ನ ಅಭಿಪ್ರಾಯ ಬದಲಾಯಿತು ಎಂದು ನೀನು ಯಾರಿಗೆ ಬೇಕಾದರೂ ಹೇಳಬಹುದು.

ನಿನ್ನ ಮೂರು ಛತ್ರಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಒಂದಿಷ್ಟೂ ಬದಲಾಗಿಲ್ಲ. ಕೀಬೋರ್ಡಿನವನು ಪೀಠಿಕೆ ಶುರು ಮಾಡಿದಾಗ ನೀರು ಕಾಯಲಿಟ್ಟು, ಸ್ನಾನ ಮುಗಿಸಿ, ತಲೆ ಒರೆಸಿಕೊಂಡು ಬಂದರೂ ಅವನ ಪೀಠಿಕೆ ಮುಗಿದಿರುವುದಿಲ್ಲ. ನೀನು ಹಾಲುಹಲ್ಲಿನ ಕಾಲದಲ್ಲಿ ಅದನ್ನು ಹಾಕಿದರೆ ಮಾತ್ರ ಮಲಗುತ್ತಿದ್ದೆ. ಈಗ ತಿಳಿಯುತ್ತದೆ, ಅದು ಇಷ್ಟವಾಗಿ ಮಲಗಿದ್ದಲ್ಲ, ಬೇಜಾರಿಗೆ ನಿದ್ದೆ ಬಂದದ್ದು. ಕೋಪ ಮಾಡಿಕೊಳ್ಳಬೇಡ. ನೀನು ಗದ್ದಲ ಎಂದಾಗ ನನಗೂ ಹೀಗೇ ಉರಿದಿತ್ತು.

ಖಾಲಿ ಈಜುಕೊಳದ ವಿಷಯಕ್ಕೆ ಬಂದರೆ ನಾನು ಜಗಳಕ್ಕೇ ನಿಲ್ಲುವವಳು. ಅದರ ಹಾಡುಗಾರ, ನಾನು 'ಕೆಮ್ಮಪ್ಪ' ಎಂದು ಕರೆಯುವವನು, ಅದನ್ನು ಹಾಡುವ ಹೊತ್ತಿಗೆ ಅವನ ಗಂಟಲು ಪೂರ್ತಿ ಹೋಗಿತ್ತು. ಮೇಲಿನ ಸ್ವರಗಳು ಒಂದೂ ಸಿಕ್ಕುತ್ತಿರಲಿಲ್ಲ. ಪತ್ರಿಕೆಗಳಲ್ಲಿ ನಕ್ಕರು. ಮನೆಗೆ ಹೋಗಿ ಮಲಗಪ್ಪಾ ಎಂದು ಬರೆದರು. ಅವನು ಕ್ಯಾರೇ ಎನ್ನಲಿಲ್ಲ. ಸಿಕ್ಕುವ ನಾಲ್ಕಾರು ಸ್ವರಗಳಲ್ಲೇ ಅಷ್ಟೂ ಹಾಡುಗಳನ್ನು ಕಟ್ಟಿದ. ಅವನು ಚೆನ್ನಾಗಿದ್ದ ಕಾಲದ ರೆಕಾರ್ಡುಗಳನ್ನೆಲ್ಲ ಒಂದು ಕಡೆ ಇಟ್ಟು, ಇದನ್ನೊಂದೇ ಇನ್ನೊಂದು ಕಡೆ ಇಟ್ಟರೆ, ನಾನು ಇದನ್ನೇ ಎತ್ತಿಕೊಂಡು ಮನೆಗೆ ಹೋಗುತ್ತೇನೆ. ಇದ್ದದ್ದರಲ್ಲಿ ಹಾಡುವುದು ಸಣ್ಣ ಕೆಲಸವಲ್ಲ.

ಈಗ ನಿನಗೆ ಗೊತ್ತಿಲ್ಲದ ಒಂದೆರಡು ವಿಷಯ ಹೇಳಬೇಕು.

ಮೊದಲು ಕಾಣೆಯಾದದ್ದು ಡ್ರಮ್ಸ್ ಜೊತೆಗಿರುವ ಹಿತ್ತಾಳೆ ತಟ್ಟೆಗಳ ಸದ್ದು. ಒಂದು ದಿನ ಇಸ್ತ್ರಿ ಪೆಟ್ಟಿಗೆ ಹಾಕಿದರೆ, ಝಣ್ ಎನ್ನಬೇಕಾದ ಕಡೆ ಬರೀ ಗಾಳಿ. ಸ್ಪೀಕರಿನ ಒಳಗೆ ತೆಳ್ಳನೆಯ ಸದ್ದು ಹೊರಡಿಸುವ ಚಿಕ್ಕ ಭಾಗ ಸುಟ್ಟುಹೋಗಿದೆ ಎಂದುಕೊಂಡು ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬದಲಾಯಿಸಿಕೊಟ್ಟರು. ಮನೆಗೆ ತಂದು ಹಾಕಿದರೆ ಮತ್ತೆ ಗಾಳಿ. ಮತ್ತೆ ಹೊತ್ತುಕೊಂಡು ಹೋದೆ, ಕಳಪೆ ಮಾಲು ಹಾಕಿ ನನ್ನ ಕಣ್ಣಿಗೆ ಮಣ್ಣೆರಚುತ್ತೀರಾ ಎಂದು ಅಂಗಡಿಯ ತುಂಬ ಕೇಳುವಂತೆ ಕೂಗಾಡಿದೆ. ಪಾಪ, ಅವರು ಮಾತಿಗೆ ಮಾತು ಬೆಳೆಸಲಿಲ್ಲ. ಸ್ಪೀಕರ್ ಹಾಕಿ ತೋರಿಸಿದರು. ಅಲ್ಲಿದ್ದ ಗಿರಾಕಿಗಳೆಲ್ಲ ಚೆನ್ನಾಗಿ ಬರುತ್ತಿದೆಯಲ್ಲ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಅವರು ನನ್ನ ಹಿಂದೆ ಬಂದು ನಿಂತರು. ಏನು ಮಾಡುತ್ತಿದ್ದಾರೆ ಎಂದು ತಿರುಗಿ ನೋಡಿದರೆ ಕೈಯಲ್ಲಿ ಬೀಗದ ಕೈ ಗೊಂಚಲು, ಅಲ್ಲಾಡಿಸುತ್ತಲೇ ಇದ್ದಾರೆ. "ಅಮ್ಮಾ, ಪೆಟ್ಟಿಗೆ ಸರಿಯಾಗೇ ಇದೆ" ಎಂದರು, ನನ್ನ ಮುಖ ನೋಡಿಕೊಂಡು, ನಿಧಾನವಾಗಿ. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸ್ಪೀಕರನ್ನು ತಬ್ಬಿಕೊಂಡು ಮನೆಗೆ ಬಂದೆ.

ಆಗ ನೀನು ಹಠ ಮಾಡಿ ಕಿವಿ ಪರೀಕ್ಷೆಗೆ ಕಳುಹಿಸಿದೆ, ನಾನು ಏನೂ ತೊಂದರೆ ಇಲ್ಲವಂತೆ ಎಂದು ಚೀಟಿ ತಂದು ನಿನ್ನ ಮುಖಕ್ಕೆ ಹಿಡಿದೆ. ಆ ಚೀಟಿಯ ಕಥೆ ಹೀಗಿದೆ. ಒಂದು ಚಿಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಹೊರಗೆ ಕೂತ ಹುಡುಗಿ ಸದ್ದುಗಳನ್ನು ಬಿಡುತ್ತಿದ್ದಳು. ಮೊದಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಅವಳು ಒಂದೇ ಲೆಕ್ಕದಲ್ಲಿ ಬಿಡುತ್ತಾಳೆ ಎಂದು ಅಷ್ಟರಲ್ಲೇ ತಿಳಿದುಹೋಯಿತು. ಒಂದು ಸದ್ದು, ಇನ್ನೊಂದು ಸದ್ದು, ಒಂದು ಉಸಿರು, ಮತ್ತೆ ಸದ್ದು. ಜೀವಮಾನವೆಲ್ಲ ಡ್ರಮ್ಸ್ ಕೇಳಿದವಳಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಯಾರಾದರೂ ಹೇಳಿಕೊಡಬೇಕೇ? ಸದ್ದು ನಿಂತುಹೋದ ಮೇಲೂ ನನ್ನ ಬೆರಳು ಆ ಲಯ ಬಿಡಲಿಲ್ಲ. ಅವಳು ನಗುತ್ತಾ ಬಂದು, ಆಂಟಿ, ನಿಮ್ಮ ಕಿವಿ ಹರೆಯದವರ ಕಿವಿ ಇದ್ದಂತಿದೆ ಎಂದು ಬರೆದುಕೊಟ್ಟಳು! ಈಗಿನ ಡಾಕ್ಟರು ಬುದ್ಧಿವಂತರು. ಮನಸ್ಸಿಗೆ ಬಂದಾಗ ಬಿಡುತ್ತಾರೆ, ಮನಸ್ಸಿಗೆ ಬಂದಾಗ ನಿಲ್ಲಿಸುತ್ತಾರೆ. ಅವರ ಹತ್ತಿರ ನನ್ನ ಆಟ ನಡೆಯಲಿಲ್ಲ.

ಕಿವಿಗೆ ಸಿಕ್ಕಿಸುವ ಮಿಷನ್ನು ಹಾಕಿ ನೋಡಿದ್ದಾಯಿತು. ಸತ್ತ ಜಾಗಕ್ಕೆ ಎಷ್ಟು ಜೋರಾಗಿ ಕೂಗಿದರೂ ಅಷ್ಟೇ. ಮಾತಿನ ಚೂಪು ತುದಿಗಳೆಲ್ಲ ನನಗೆ ಹೋಗಿವೆ, ಉಳಿದಿರುವುದು ಕೆಳಗಿನ ಗುಂಗು. ಅದೇ ಬೇಸ್ ಗಿಟಾರಿಗೂ ಡ್ರಮ್ಸಿಗೂ ಇರುವ ಜಾಗ. ಈಗ ನೀವು ಹೇಳುವ ಆಪರೇಷನ್ನಿನಲ್ಲಿ ಕಿವಿಯ ಒಳಗೆ ಎಳೆಯಂಥ ತಂತಿ ಕೂರಿಸುತ್ತಾರೆ, ಹೊರಗೆ ತಲೆಗೆ ಒಂದು ಬಿಲ್ಲೆ ಅಂಟಿಸುತ್ತಾರೆ. ಮಾತು ತಿಳಿಯುತ್ತದೆ. ಆದರೆ ಆ ಕಿವಿಯಲ್ಲಿ ಈಗ ಉಳಿದಿರುವ ಗುಂಗು ಹೋಗಿಬಿಡಬಹುದು. ಸಂಗೀತದ ಬಗ್ಗೆ ನಾನು ಮಾತು ಕೊಡಲಾರೆ ಎಂದು ಡಾಕ್ಟರೇ ಬರೆದು ತೋರಿಸಿದರು. ಕೆಲವರಿಗೆ ತಗಡಿನ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದಂತೆ, ಕೆಲವರು ವರ್ಷಗಟ್ಟಲೆ ಕೂತು ಮತ್ತೆ ಕೇಳಲು ಕಲಿಯುತ್ತಾರಂತೆ. ನೀನು ಪಕ್ಕದಲ್ಲೇ ಇದ್ದೆ, ತಲೆಯಾಡಿಸಿದೆ. ಆ ಮಾತು ನಿನಗೆ ಚಿಕ್ಕದಾಗಿ ಕಂಡಿತು. ನನಗೆ ಯಾರೋ ಎದೆಯ ಮೇಲೆ ಕೈಯಿಟ್ಟು ತಳ್ಳಿದಂತಾಯಿತು.

ಅದಕ್ಕೇ ಬೇಡ ಎಂದೆ. ಒಂದು ಸಲವಲ್ಲ, ಕೇಳಿದಾಗಲೆಲ್ಲ ಬೇಡ ಎಂದೆ. ಈ ವಯಸ್ಸಿನಲ್ಲಿ ಹಾಡು ಯಾಕೆ, ಮನೆಯವರ ಮಾತು ತಿಳಿದರೆ ಸಾಲದೇ ಎಂದರಂತೆ ನಿಮ್ಮ ಅತ್ತೆ. ಸಾಲದು! ಮನೆಯವರ ಮಾತಿನಿಂದಲೇ ಹೊಟ್ಟೆ ತುಂಬುವುದಾಗಿದ್ದರೆ ನಾನು ಮೊದಲ ಸಂಬಳದಲ್ಲೇ ರೆಕಾರ್ಡ್ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹೆಂಗಸು, ಕಾರ್ಖಾನೆಯವಳು, ಇವಳಿಗೆ ರಾಕ್ ಯಾಕೆ ಎಂದು ಆಗಲೂ ಮೂಗು ಮುರಿದರು. ನಿಮ್ಮಪ್ಪ ಒಬ್ಬರೇ ಮುರಿಯಲಿಲ್ಲ. ಅವರಿಗೆ ಈ ಹಾಡುಗಳು ಒಂದೂ ಹಿಡಿಸುತ್ತಿರಲಿಲ್ಲ, ಆದರೂ ಮರಗೆಲಸದವರಲ್ಲವೇ, ಸ್ಪೀಕರಿಗೆ ಗಟ್ಟಿ ಪೆಟ್ಟಿಗೆ ಮಾಡಿಕೊಟ್ಟು, ತಾವು ಹೊರಗೆ ಜಗಲಿಯಲ್ಲಿ ಹೋಗಿ ಕೂರುತ್ತಿದ್ದರು. ಪ್ರೀತಿ ಎಂದರೆ ನನಗೆ ಗೊತ್ತಿರುವುದು ಅದು. ಇಷ್ಟವಿಲ್ಲದಿದ್ದರೆ ಹೊರಗೆ ಹೋಗಿ ಕೂರುವುದು, ಒಳಗಿನ ಸದ್ದು ಆರಿಸುವುದಲ್ಲ.

ಈಗ ನಿನ್ನ ಪುಟಾಣಿಯ ವಿಷಯ. ಅದನ್ನು ನೀನು ಬರೆಯಬಾರದಿತ್ತು, ಬರೆದೆ. ಬರೆದದ್ದೇ ಸರಿ.

ಕಳೆದ ಸಲ ಬಂದಾಗ ಅವಳು ನನ್ನ ತೊಡೆಯ ಮೇಲೆ ಹತ್ತಿ ಕೂತು ದೊಡ್ಡ ಕಥೆ ಹೇಳಿದಳು. ಕೈ ಬೀಸಿದಳು, ಚೆಂಡು ಎಸೆದಂತೆ ಮಾಡಿದಳು, ಕಣ್ಣರಳಿಸಿದಳು. ಒಂದಕ್ಷರವೂ ನನಗೆ ತಿಳಿಯಲಿಲ್ಲ. ಆಟದ ಕಥೆ ಇರಬೇಕು, ಗೆದ್ದಿರಬೇಕು ಎಂದುಕೊಂಡು ಚಪ್ಪಾಳೆ ತಟ್ಟಿ ನಕ್ಕೆ. ಅವಳು ಇಳಿದು ಹೋದಳು. ಶಾಲೆಯಲ್ಲಿ ತನ್ನನ್ನು ಯಾರೂ ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ, ಚೆಂಡನ್ನು ತನ್ನ ಮೇಲೇ ಎಸೆಯುತ್ತಾರೆ ಎಂದು ಹೇಳಿದ್ದಳೆಂದು ನಿನ್ನ ಪತ್ರದಿಂದ ತಿಳಿಯಿತು. "ಅಜ್ಜಿನೂ ನಕ್ಕುಬಿಟ್ರು" ಎಂದು ಮೂರು ದಿನ ಅತ್ತಳಂತೆ.

ಅದನ್ನು ಓದಿದ ಮೇಲೆ ನಾನು ಯಾವ ರೆಕಾರ್ಡನ್ನೂ ಹಾಕಲಿಲ್ಲ. ಗೋಡೆ ನೋಡುತ್ತಾ ಕೂತಿದ್ದೆ. ನನಗೆ ನಾಚಿಕೆಯಾಯಿತು, ಸಂಕಟವಾಯಿತು, ಆ ಹುಡುಗಿಯನ್ನು ಎತ್ತಿಕೊಂಡು ಬಂದುಬಿಡೋಣ ಎನ್ನಿಸಿತು. ನಿನ್ನ ಪ್ರಶ್ನೆಯಿಂದ ನಾನು ಬಗ್ಗಲಿಲ್ಲ, ಇದನ್ನು ನೀನು ಚೆನ್ನಾಗಿ ತಿಳಿದುಕೋ. ಗದ್ದಲ ಹೆಚ್ಚೋ ಮಗಳು ಹೆಚ್ಚೋ ಎನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದೇ ಇಲ್ಲ. ಅದು ತಪ್ಪು ಪ್ರಶ್ನೆ, ಟೀಚರಮ್ಮ. ನಿನ್ನನ್ನು ಸಾಕಿದವಳನ್ನು ಸಾಕಿದ್ದು ಆ ಗದ್ದಲ. ಎರಡನ್ನೂ ಎದುರುಬದುರು ನಿಲ್ಲಿಸಿ ಅಳತೆ ಮಾಡು ಎಂದರೆ ನಾನು ಒಲ್ಲೆ. ಆದರೆ ಒಂದು ಮಗು ತನ್ನ ಸಂಕಟವನ್ನು ಹೊತ್ತು ನನ್ನ ತನಕ ಬಂದು, ನನ್ನ ನಗು ನೋಡಿ ವಾಪಸು ಹೋಗುವುದು ಇನ್ನೊಮ್ಮೆ ಆಗಕೂಡದು.

ಹಾಗಾಗಿ ನನ್ನ ತೀರ್ಮಾನ ಇದು. ಒಂದು ಕಿವಿ. ಎಡಗಿವಿ. ಅದನ್ನು ಕೊಯ್ಯಿರಿ, ತಂತಿ ಹಾಕಿ, ಬಿಲ್ಲೆ ಅಂಟಿಸಿ, ನಾನು ಚಕಾರವೆತ್ತುವುದಿಲ್ಲ. ಕಲಿಯಬೇಕಾದದ್ದನ್ನೆಲ್ಲ ಒಂದನೇ ತರಗತಿಯವಳ ಹಾಗೆ ಕೂತು ಕಲಿಯುತ್ತೇನೆ. ಬಲಗಿವಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಡಾಕ್ಟರಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ. ಎರಡೂ ಮಾಡಿಸಿದರೆ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು ಎಂದು ಅವರು ಬರೆದು ತಿಳಿಸಿದರು. ಇರಬಹುದು. ಬಲಗಿವಿ ನನ್ನ ಗದ್ದಲಕ್ಕೆ ಮೀಸಲು. ದಪ್ಪ ತಂತಿಯವಳು ತಡವಾಗಿ ಬರುವುದನ್ನು ಕೇಳಲು ನನಗೆ ಒಂದು ಕಿವಿ ಬೇಕು, ಅದು ಇರುವಷ್ಟು ದಿನ ಇರಲಿ. ಇದರ ಮೇಲೆ ನೀನಾಗಲಿ, ಅಳಿಯಂದಿರಾಗಲಿ, ನಿಮ್ಮ ಅತ್ತೆಯಾಗಲಿ ಒಂದು ಮಾತು ಆಡಿದರೂ ಎಡಗಿವಿಯೂ ಇಲ್ಲ, ಏನೂ ಇಲ್ಲ. ಬಂದು ಹೊತ್ತುಕೊಂಡು ಹೋಗಲು ನಾನೇನು ಸ್ಪೀಕರ್ ಪೆಟ್ಟಿಗೆಯಲ್ಲ.

ಪುಟಾಣಿಗೆ ಹೇಳು, ಅಜ್ಜಿ ತಪ್ಪು ತಿಳಿದು ನಕ್ಕಳು, ಆ ಹುಡುಗರ ಹೆಸರುಗಳನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಕಳುಹಿಸಬೇಕಂತೆ ಎಂದು. ಮುಂದಿನದು ಅಜ್ಜಿಗೆ ಬಿಟ್ಟದ್ದು.

ಈಗ ಆಶೀರ್ವಾದ. ಸುಖವಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಶಾಲೆಯ ಸಿಟ್ಟನ್ನು ಮನೆಗೆ ತರಬೇಡ, ಮನೆಯ ಸಿಟ್ಟನ್ನು ನನಗೆ ಬರೆ.

ಸ್ವಲ್ಪವೂ ಬಗ್ಗದ,
ನಿನ್ನ ಅಮ್ಮ

ಮರೆತ ಮಾತು: ಬಲಗಿವಿ ಗದ್ದಲಕ್ಕೆ ಮೀಸಲು ಎಂದು ಮೇಲೆ ಬರೆದದ್ದು ಅರ್ಧ ಮಾತ್ರ ನಿಜ. ಡಾಕ್ಟರ ಹತ್ತಿರ ಒಬ್ಬಳೇ ಹೋದಾಗ ಇನ್ನೊಂದು ವಿಷಯ ಕೇಳಿದೆ. ತಂತಿ ಹಾಕಿದ ಮೇಲೆ ಮಗಳ ಮಾತು ತಿಳಿಯುತ್ತದೆ, ಸರಿ, ಅವಳ ದನಿ ಅವಳ ದನಿಯ ಹಾಗೇ ಇರುತ್ತದೆಯೇ ಎಂದು. ಅವರು ಕಾಗದದ ಮೇಲೆ ಬರೆದು ತೋರಿಸಿದರು: ಮೊದಮೊದಲು ಎಲ್ಲರ ದನಿಯೂ ಒಂದೇ ಥರ ಕೇಳಬಹುದು, ಕೆಲವರಿಗೆ ಹಾಗೇ ಉಳಿಯಲೂಬಹುದು. ನೀನು ಮಾತಾಡುವಾಗ ಈಗ ನನಗೆ ಅಕ್ಷರ ಒಂದೂ ಸಿಕ್ಕುವುದಿಲ್ಲ ಕಣೇ, ಆದರೆ ಕೆಳಗಿನ ಗುಂಗು ಪೂರ್ತಿ ಸಿಕ್ಕುತ್ತದೆ, ಅದು ನೀನೇ, ಬೇರೆ ಯಾರೂ ಅಲ್ಲ. ಅದಕ್ಕೇ ಇನ್ನು ಮೇಲೆ ಬಂದಾಗ ಮೊದಲು ನನ್ನ ಎಡಗಡೆ ಕೂತು ಸುದ್ದಿಯೆಲ್ಲ ಹೇಳು. ಆಮೇಲೆ ಎದ್ದು ಬಲಗಡೆಗೆ ಬಾ, ಏನಾದರೂ ಹೇಳು. ಏನು ಹೇಳಿದರೂ ಪರವಾಗಿಲ್ಲ.